ಕಾರ್ಯಪ್ರಕ್ರಿಯೆ ನಿರ್ವಹಣೆ: ಸಣ್ಣ ಸಂಸ್ಥೆಗಳವರು ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಬಿಡಿಭಾಗ ತಯಾರಿಕೆ ಘಟಕದಲ್ಲಿ ಸ್ಟೋರ್ಸ್ ಗುಮಾಸ್ತನಾಗಿ ಸೇರಿ, ಉತ್ಪಾದನಾ ಯೋಜನೆಯ ವಿಭಾಗದವರೆಗೆ ಬಂದವನು ನಾನು. ಈಗ ಕೆಲವು ವರ್ಷಗಳಿಂದ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಸಣ್ಣ ಕಾರ್ಖಾನೆಗಳಿಗೂ ಸಹಕಾರ ಸಂಘಗಳಿಗೂ ಹೋಗಿ, ಅಲ್ಲಿ ಕೆಲಸ ನಡೆಯುವ ದಾರಿಯನ್ನು ಅವರೊಂದಿಗೆ ಕುಳಿತು ಬರೆಯುವುದೇ ನನ್ನ ಕಸುಬಾಗಿದೆ. ಆ ಭೇಟಿಗಳಲ್ಲಿ, ಆಮೇಲಿನ ಪತ್ರಗಳಲ್ಲಿ, ಫೋನ್ ಮಾತುಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಇಲ್ಲಿ ಉತ್ತರಿಸಿದ್ದೇನೆ. ಎಲ್ಲವನ್ನೂ ಓದಲೇಬೇಕೆಂದಿಲ್ಲ, ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಮೊದಲ ತಿಳಿವಳಿಕೆ

“ಬಿಪಿಎಂ, ಬಿಪಿಎಂ ಅನ್ನುತ್ತಾರಲ್ಲ, ಅದು ಕಂಪ್ಯೂಟರ್ ಪ್ರೋಗ್ರಾಮೋ, ಮ್ಯಾನೇಜ್‌ಮೆಂಟಿನ ಪಾಠವೋ?”

ಒಂದು ಸಂಸ್ಥೆಯಲ್ಲಿ ಕೆಲಸವು ಯಾರಿಂದ ಹೊರಟು, ಯಾರ ಯಾರ ಕೈ ದಾಟಿ, ಗ್ರಾಹಕನನ್ನು ಹೇಗೆ ಮುಟ್ಟುತ್ತದೆ ಎಂಬುದನ್ನು ಕಂಡುಕೊಂಡು, ಬರೆದಿಟ್ಟು, ಅಳೆದು, ತಿದ್ದಿ, ತಿದ್ದಿದ ಮೇಲೂ ಅದರ ಮೇಲೆ ಕಣ್ಣಿಡುವ ರೂಢಿಗೆ ಕಾರ್ಯಪ್ರಕ್ರಿಯೆ ನಿರ್ವಹಣೆ ಎಂದು ಹೆಸರು. ಬಿಪಿಎಂ ಎನ್ನುವುದು ಅದರ ಇಂಗ್ಲಿಷ್ ಹೆಸರಾದ ಬಿಸಿನೆಸ್ ಪ್ರೋಸೆಸ್ ಮ್ಯಾನೇಜ್‌ಮೆಂಟಿನ ಮೊದಲಕ್ಷರಗಳು. ಕಂಪ್ಯೂಟರ್ ಈ ಕೆಲಸಕ್ಕೆ ನೆರವಾಗಬಹುದು, ಆದರೆ ಅದಿಲ್ಲದೆಯೂ ಕೆಲಸ ಸಾಗುತ್ತದೆ.

ಹಳ್ಳಿಯ ಹಾಲು ಉತ್ಪಾದಕರ ಸಂಘವನ್ನು ನೆನೆಯಿರಿ. ಬೆಳಗ್ಗೆ ರೈತ ಮಹಿಳೆ ಕ್ಯಾನಿನಲ್ಲಿ ಹಾಲು ತರುತ್ತಾರೆ. ಪರೀಕ್ಷಕರು ಮಾದರಿ ತೆಗೆದು ಜಿಡ್ಡು ಮತ್ತು ಎಸ್‌ಎನ್‌ಎಫ್ (ಜಿಡ್ಡು ಬಿಟ್ಟು ಉಳಿದ ಘನಾಂಶ) ನೋಡುತ್ತಾರೆ. ಅಳತೆಯಾಗುತ್ತದೆ, ಚೀಟಿ ಹರಿಯುತ್ತದೆ. ಹಾಲು ಶೀತಲೀಕರಣಕ್ಕೆ ಹೋಗುತ್ತದೆ. ಕಾರ್ಯದರ್ಶಿ ಲೆಕ್ಕ ಕಟ್ಟುತ್ತಾರೆ. ಕೊನೆಗೆ ಬಟವಾಡೆಯ ಹಣ ಆಕೆಯ ಬ್ಯಾಂಕ್ ಖಾತೆಗೆ ಬೀಳುತ್ತದೆ. ಕ್ಯಾನು ಕೆಳಗಿಟ್ಟ ಗಳಿಗೆಯಿಂದ ಹಣ ಬಿದ್ದ ಗಳಿಗೆಯವರೆಗಿನ ಇಡೀ ಸರಣಿ ಒಂದು ಪ್ರಕ್ರಿಯೆ. ಪರೀಕ್ಷಕರಿಗೆ ಅವರ ಪಾಲು ಗೊತ್ತು, ಕಾರ್ಯದರ್ಶಿಗೆ ಅವರ ಪಾಲು ಗೊತ್ತು. ಪೂರ್ತಿ ಸರಣಿಯನ್ನು ದಿನಾಲೂ ಅನುಭವಿಸುವವರು ಹಾಲು ತಂದ ಆ ಮಹಿಳೆ ಒಬ್ಬರೇ. ಆಕೆ ನೋಡುವಂತೆ ಸಂಸ್ಥೆಯೂ ತನ್ನ ಕೆಲಸವನ್ನು ನೋಡಲು ಕಲಿಯಬೇಕು.

“ಪ್ರತಿ ಇಲಾಖೆಗೂ ಮುಖ್ಯಸ್ಥರಿದ್ದಾರೆ, ಎಲ್ಲರೂ ದುಡಿಯುತ್ತಾರೆ. ಆದರೂ ಕೆಲಸ ಏಕೆ ತಡವಾಗುತ್ತದೆ?”

ಇದಕ್ಕೆ ನನ್ನ ಸ್ವಂತ ಅನುಭವವನ್ನೇ ಹೇಳುತ್ತೇನೆ. ನಾನು ಸ್ಟೋರ್ಸ್‌ನಲ್ಲಿದ್ದಾಗ, ಉಕ್ಕಿನ ಸರಳು ಸರಬರಾಜು ಮಾಡುತ್ತಿದ್ದ ವ್ಯಾಪಾರಿಯೊಬ್ಬರು ಒಂದು ದಿನ ಗೇಟಿನಲ್ಲೇ ನಿಂತು, “ಹಳೇ ಬಿಲ್ಲು ಚುಕ್ತಾ ಆಗುವವರೆಗೆ ಲಾರಿ ಒಳಗೆ ಬರುವುದಿಲ್ಲ” ಎಂದುಬಿಟ್ಟರು. ಖರೀದಿಯವರು ಲೆಕ್ಕಪತ್ರದವರನ್ನು ದೂರಿದರು, ಅವರು ನಮ್ಮನ್ನು ದೂರಿದರು, ನಾವು ಕ್ವಾಲಿಟಿಯವರತ್ತ ಬೆರಳು ಮಾಡಿದೆವು. ಆ ಒಂದು ಬಿಲ್ಲನ್ನು ಹಿಡಿದು ಹಿಂದಕ್ಕೆ ನಡೆದುಕೊಂಡು ಹೋದೆ. ಸರಕು ಬಂದ ದಿನ ನಾನು ಗೇಟ್ ರಿಜಿಸ್ಟರಿನಲ್ಲಿ ಬರೆದದ್ದು ಐದು ನಿಮಿಷದ ಕೆಲಸ. ಕ್ವಾಲಿಟಿಯವರ ತಪಾಸಣೆ ಮುಕ್ಕಾಲು ಗಂಟೆ. ಸರಕು ಸ್ವೀಕೃತಿ ಚೀಟಿ ಹತ್ತು ನಿಮಿಷ. ಖರೀದಿ ಆದೇಶ, ಸ್ವೀಕೃತಿ ಚೀಟಿ ಮತ್ತು ಬಿಲ್ಲು, ಈ ಮೂರನ್ನೂ ತಾಳೆ ನೋಡಲು ಲೆಕ್ಕಪತ್ರದವರಿಗೆ ಬೇಕಾದದ್ದು ಇಪ್ಪತ್ತು ನಿಮಿಷ. ಎಲ್ಲ ಸೇರಿಸಿದರೂ ಕೈಕೆಲಸ ಒಂದೂವರೆ ಗಂಟೆ ದಾಟಲಿಲ್ಲ. ಬಿಲ್ಲು ಹೊರಬೀಳಲು ಹಿಡಿದದ್ದು ಇಪ್ಪತ್ತಾರು ದಿನ.

ಉಳಿದ ದಿನಗಳೆಲ್ಲ ಎಲ್ಲಿ ಹೋದವು? ತಪಾಸಣೆ ಮುಗಿದ ಸುದ್ದಿಯನ್ನು ನಮಗೆ ತಿಳಿಸಬೇಕಾದವರು ಯಾರು ಎಂದು ಎಲ್ಲಿಯೂ ಗೊತ್ತುಮಾಡಿರಲಿಲ್ಲ; ಆ ಚೀಟಿ ಕ್ವಾಲಿಟಿ ಕೊಠಡಿಯ ಕಿಟಕಿಯ ಮೇಲೆ ಒಂದು ನಟ್ಟಿನ ಭಾರಕ್ಕೆ ಸಿಕ್ಕಿಕೊಂಡು ಒಂಬತ್ತು ದಿನ ಕುಳಿತಿತ್ತು. ನಾನು ಸ್ವೀಕೃತಿ ಚೀಟಿಗಳನ್ನು ವಾರಕ್ಕೊಮ್ಮೆ, ಶನಿವಾರ, ಒಟ್ಟಿಗೆ ಕಳಿಸುತ್ತಿದ್ದೆ, ಏಕೆಂದರೆ ನನಗೆ ಅದು ಅನುಕೂಲವಾಗಿತ್ತು. ಯಾರೂ ಸೋಮಾರಿಗಳಾಗಿರಲಿಲ್ಲ. ಇಲಾಖೆಯ ಒಳಗಿನ ಕೆಲಸಕ್ಕೆ ಮುಖ್ಯಸ್ಥರಿದ್ದರು. ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ದಾಟುವ ಹಸ್ತಾಂತರಕ್ಕೆ ದಿಕ್ಕಿರಲಿಲ್ಲ. ಆಮೇಲೆ ನಾನು ಕಂಡ ಘಟಕಗಳಲ್ಲಿ ತಡವಾಗುವ ಜಾಗ ಬಹುಮಟ್ಟಿಗೆ ಇದೇ.

“ಇದೆಲ್ಲ ಎಲ್ಲಿಂದ ಬಂತು ಸಾರ್? ಇನ್ನೊಂದು ಅಮೆರಿಕದ ಫ್ಯಾಷನ್ ಇರಬೇಕಲ್ಲವೇ?”

ಹೆಸರು ಹೊಸದು, ಹುಡುಕಾಟ ಹಳೆಯದು. 1911ರಲ್ಲಿ ಫ್ರೆಡರಿಕ್ ಟೇಲರ್ ಕಾರ್ಖಾನೆಯ ಒಂದೊಂದು ಕೆಲಸವನ್ನೂ ಗಡಿಯಾರ ಹಿಡಿದು ಅಳೆಯುವ ವಾದವನ್ನು ಮುಂದಿಟ್ಟರು. 1921ರಲ್ಲಿ ಫ್ರಾಂಕ್ ಮತ್ತು ಲಿಲಿಯನ್ ಗಿಲ್‌ಬ್ರೆತ್ ದಂಪತಿ ಕೆಲಸದ ಹಂತಗಳನ್ನು ಚಿಹ್ನೆಗಳಲ್ಲಿ ಬರೆಯುವ ಪ್ರಕ್ರಿಯಾ ನಕ್ಷೆಯನ್ನು ಎಂಜಿನಿಯರುಗಳ ಸಭೆಯ ಮುಂದೆ ತಂದರು. 1924ರಲ್ಲಿ ವಾಲ್ಟರ್ ಶೆವ್‌ಹಾರ್ಟ್, ಕೆಲಸದ ಏರುಪೇರು ಮಿತಿಯೊಳಗಿದೆಯೇ ಎಂದು ತೋರಿಸುವ ನಿಯಂತ್ರಣ ಪಟವನ್ನು ರೂಪಿಸಿದರು. ಯುದ್ಧಾನಂತರದ ಜಪಾನಿನಲ್ಲಿ ಅಮೆರಿಕದ ಅಂಕಿಅಂಶ ತಜ್ಞ ಡೆಮಿಂಗ್ ಆ ವಿಚಾರಗಳನ್ನು ಬೋಧಿಸಿದರು, ಟೊಯೋಟಾದಲ್ಲಿ ತೈಚಿ ಓನೊ ತಮ್ಮದೇ ಉತ್ಪಾದನಾ ಪದ್ಧತಿಯನ್ನು ಕಟ್ಟಿದರು.

1990ರಲ್ಲಿ ಮೈಕೆಲ್ ಹ್ಯಾಮರ್ ಬರೆದ ಲೇಖನವೊಂದು ಕಚೇರಿಗಳತ್ತ ಗಮನ ತಿರುಗಿಸಿತು. ಅವರು ಕೊಟ್ಟ ಉದಾಹರಣೆ ಫೋರ್ಡ್ ಕಂಪನಿಯ ಬಿಲ್ಲು ಪಾವತಿ ವಿಭಾಗದ್ದು: ಉತ್ತರ ಅಮೆರಿಕದಲ್ಲಿ ಅಲ್ಲಿ 500ಕ್ಕೂ ಹೆಚ್ಚು ಜನರಿದ್ದರೆ, ಮಜ್ದಾ ಕಂಪನಿಯಲ್ಲಿ ಅದೇ ಕೆಲಸಕ್ಕೆ ಇದ್ದವರು 5 ಜನ. ಮಜ್ದಾ ಚಿಕ್ಕ ಕಂಪನಿಯೆಂದು ಲೆಕ್ಕ ಸರಿದೂಗಿಸಿದರೂ ಅಂತರ ಮುಚ್ಚುವಂತಿರಲಿಲ್ಲ. ಫೋರ್ಡ್‌ನವರ ಹೆಚ್ಚಿನ ಸಮಯ ತಾಳೆಯಾಗದ ಕಾಗದಗಳ ಬೆನ್ನು ಹತ್ತುವುದರಲ್ಲಿ ಕಳೆಯುತ್ತಿತ್ತು. ಸರಕು ಬಂದ ಜಾಗದಲ್ಲೇ ಕಂಪ್ಯೂಟರಿನಲ್ಲಿ ಆದೇಶದೊಂದಿಗೆ ತಾಳೆ ನೋಡಿ, ಸರಿಯಿದ್ದರೆ ಹಣ ಪಾವತಿಗೆ ಹೋಗುವಂತೆ ಬದಲಾಯಿಸಿದಾಗ ಆ ವಿಭಾಗದ ಸಿಬ್ಬಂದಿ ಶೇ 75ರಷ್ಟು ಇಳಿಯಿತು. ಅಂತರಸನಹಳ್ಳಿಯಲ್ಲಿ ನನ್ನನ್ನು ಕಾಡಿದ ಅದೇ ಮೂರು ಕಾಗದಗಳು! ಹೀಗೆ ಹಳೆಯ ದಾರಿಯನ್ನು ಕಿತ್ತು ಹೊಸದಾಗಿ ಕಟ್ಟುವುದಕ್ಕೆ ರೀಎಂಜಿನಿಯರಿಂಗ್ ಎಂದು ಹೆಸರು. ಆದರೆ ಆ ದಶಕದಲ್ಲಿ ಈ ಹೆಸರಿನಲ್ಲಿ ಅನೇಕ ಕಂಪನಿಗಳು ಜನರನ್ನು ಮನೆಗೆ ಕಳಿಸಿದ್ದರಿಂದ ವಿಚಾರಕ್ಕೇ ಕೆಟ್ಟ ಹೆಸರು ಬಂತು. ಒಮ್ಮೆಗೇ ಕಿತ್ತುಹಾಕುವ ಬದಲು ಸತತವಾಗಿ ನೋಡಿಕೊಂಡು ತಿದ್ದುವ ಇಂದಿನ ಬಿಪಿಎಂ, ಆ ಪೆಟ್ಟಿನಿಂದ ಕಲಿತ ಪಾಠವೂ ಹೌದು.

“ನಮ್ಮದು ಮೂವತ್ತು ಜನರ ವರ್ಕ್‌ಶಾಪ್. ನಮಗೇಕೆ ಈ ಗೊಡವೆ?”

ಮೂವತ್ತು ಜನರ ವರ್ಕ್‌ಶಾಪಿನಲ್ಲಿ ಪ್ರಕ್ರಿಯೆ ಮಾಲೀಕರ ತಲೆಯೊಳಗೆ ಇರುತ್ತದೆ. ಅವರು ಮಗಳ ಮದುವೆಗೆಂದು ಹತ್ತು ದಿನ ರಜೆ ಹಾಕಿದಾಗ ಏನಾಗುತ್ತದೆ ಎಂಬುದನ್ನು ನೋಡಿ ನಿಮಗೆ ಬೇಕೋ ಬೇಡವೋ ನಿರ್ಧರಿಸಿ. ಎಲ್ಲವೂ ಸುಸೂತ್ರವಾಗಿ ನಡೆದರೆ ಈ ಪುಟವನ್ನು ಇಲ್ಲಿಗೇ ಬಿಡಬಹುದು.

“ಐಎಸ್‌ಒ ಸರ್ಟಿಫಿಕೇಟ್ ಗೋಡೆ ಮೇಲೆ ತೂಗುಹಾಕಿದ್ದೇವೆ. ಮತ್ತೆ ಇದು ಬೇರೆ ಏಕೆ?”

ಗುಣಮಟ್ಟ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 9001 ಮೊದಲು ಬಂದದ್ದು 1987ರಲ್ಲಿ. 2000ದ ಪರಿಷ್ಕರಣೆಯಲ್ಲೇ ಪ್ರಕ್ರಿಯೆಯ ದೃಷ್ಟಿಯನ್ನು ಅದರ ಬುಡಕ್ಕೆ ಇಟ್ಟರು. 2015ರ ಆವೃತ್ತಿಯಂತೂ ಗುಣಮಟ್ಟ ಕೈಪಿಡಿ ಇರಲೇಬೇಕೆಂಬ ಕಡ್ಡಾಯವನ್ನೂ ಕೈಬಿಟ್ಟು, ಪ್ರಕ್ರಿಯೆಗಳನ್ನು ಗುರುತಿಸಿ, ಹೊಣೆ ಹಂಚಿ, ಅಳೆದು ತೋರಿಸಿ ಎಂದು ಕೇಳುತ್ತದೆ. ಮಾನದಂಡ ಕೇಳುವುದನ್ನು ಮನಸ್ಸಿಟ್ಟು ಮಾಡಿದವರಿಗೆ ಬಿಪಿಎಂ ಪ್ರತ್ಯೇಕವಾದ ಹೊರೆಯಾಗದು. ಆದರೆ ಆಡಿಟ್‌ಗೆ ಎರಡು ವಾರ ಮುಂಚೆ ಫೈಲಿನ ಧೂಳು ಕೊಡವಿ, ಹಿಂದಿನ ದಿನಾಂಕಗಳಿಗೆ ಸಹಿ ಹಾಕುವ ರೂಢಿ ಇರುವಲ್ಲಿ ಸರ್ಟಿಫಿಕೇಟು ಒಂದು ದಾರಿಯಲ್ಲಿ, ಕೆಲಸ ಇನ್ನೊಂದು ದಾರಿಯಲ್ಲಿ ಹೋಗುತ್ತಿರುತ್ತದೆ.

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾದ ಮೇಲೆ, ವಿಮಾನ ಕ್ಷೇತ್ರಕ್ಕೆ ಬಿಡಿಭಾಗ ಕೊಡಲು ಸಾಧ್ಯವೇ ಎಂದು ನಮ್ಮ ಸುತ್ತಲಿನ ಘಟಕಗಳವರು ಕೇಳುವುದು ಹೆಚ್ಚಾಗಿದೆ. ಆ ಕ್ಷೇತ್ರದ ಎಎಸ್ 9100 ಮಾನದಂಡ ಐಎಸ್‌ಒ 9001ರ ಮೇಲೆಯೇ ಕಟ್ಟಿದ್ದು. ಒಂದು ಬಿಡಿಭಾಗ ಯಾವ ಸರಳಿನಿಂದ, ಯಾವ ಯಂತ್ರದಲ್ಲಿ, ಯಾರ ಕೈಯಲ್ಲಿ ಆಯಿತೆಂದು ಹಿಂದಕ್ಕೆ ಹುಡುಕಿ ತೋರಿಸಬೇಕಾದ ಕಡೆ ಹಿಂದಿನ ದಿನಾಂಕದ ಸಹಿಗಳು ನಡೆಯುವುದಿಲ್ಲ.

“ನಮ್ಮ ಕೆಲಸ ದಿನಕ್ಕೊಂದು ಥರ. ಅದನ್ನು ಒಂದು ಚೌಕಟ್ಟಿಗೆ ಕೂರಿಸುವುದು ಹೇಗೆ?”

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಬೆಲೆಗಿಂತ ಚಂಚಲವಾದದ್ದನ್ನು ನಾನು ಕಂಡಿಲ್ಲ. 15 ಕಿಲೋ ಕ್ರೇಟಿನ ಬೆಲೆ ಒಂದೇ ವಾರದಲ್ಲಿ ತಲೆಕೆಳಗಾಗುತ್ತದೆ. ಆದರೂ ಕ್ರೇಟುಗಳನ್ನು ಇಳಿಸುವುದು, ಮಂಡಿಯಲ್ಲಿ ಸಾಲು ಹಿಡಿಸುವುದು, ಹರಾಜು ಕೂಗುವುದು, ಲೋಡು ಮಾಡುವುದು, ರೈತನಿಗೆ ಪಟ್ಟಿ ಬರೆದುಕೊಡುವುದು ಬೆಲೆ ಏರಿದ ದಿನವೂ ಇಳಿದ ದಿನವೂ ಅದೇ ಕ್ರಮದಲ್ಲಿ ನಡೆಯುತ್ತದೆ. ನಿಮ್ಮಲ್ಲಿಯೂ ಆರ್ಡರು ಬದಲಾಗಬಹುದು, ಡ್ರಾಯಿಂಗು ಬದಲಾಗಬಹುದು. ವಿಚಾರಣೆಯಿಂದ ಕೊಟೇಷನ್, ಕೊಟೇಷನ್‌ನಿಂದ ಆದೇಶ, ಆದೇಶದಿಂದ ರವಾನೆ ಎಂಬ ದಾರಿ ಅಷ್ಟಾಗಿ ಬದಲಾಗುವುದಿಲ್ಲ. ನಿಜಕ್ಕೂ ಪ್ರತಿ ಸಲ ಹೊಸದಾಗಿ ಯೋಚಿಸಬೇಕಾದ ಕೆಲಸಗಳಿದ್ದರೆ, ಉದಾಹರಣೆಗೆ ಹೊಸ ಅಚ್ಚಿನ ವಿನ್ಯಾಸ, ಅವುಗಳನ್ನು ಹಂತಗಳಲ್ಲಿ ಕಟ್ಟಿಹಾಕದೆ, ಯಾವ ದಿನಕ್ಕೆ ಏನು ಸಿದ್ಧವಿರಬೇಕು ಎಂಬುದನ್ನು ಮಾತ್ರ ನಿಗದಿ ಮಾಡಿದರೆ ಸಾಕು.

## ಕೆಲಸಕ್ಕೆ ಇಳಿಯುವಾಗ

“ಮೊದಲು ಯಾವುದನ್ನು ಕೈಗೆ ತೆಗೆದುಕೊಳ್ಳಬೇಕು?”

ಒಂದೇ ಒಂದು ಪ್ರಕ್ರಿಯೆಯನ್ನು. ಅದು ವಾರಕ್ಕೆ ಹಲವು ಸಲ ನಡೆಯುವಂಥದ್ದಾಗಿರಲಿ, ಕನಿಷ್ಠ ಮೂರು ಮೇಜುಗಳನ್ನು ದಾಟುವಂಥದ್ದಾಗಿರಲಿ, ತಡವಾದರೆ ಗ್ರಾಹಕರೋ ಸರಬರಾಜುದಾರರೋ ಫೋನ್ ಮಾಡಿ ಗಟ್ಟಿಯಾಗಿ ಮಾತನಾಡುವಂಥದ್ದಾಗಿರಲಿ. ಸಂಬಳದ ಲೆಕ್ಕದಿಂದ ಶುರುಮಾಡಬೇಡಿ. ಅಲ್ಲಿ ಸಣ್ಣ ಎಡವಟ್ಟಾದರೂ ಇಡೀ ಪ್ರಯತ್ನದ ಮೇಲೆ ಎಲ್ಲರ ನಂಬಿಕೆ ಹೋಗುತ್ತದೆ. ಎಲ್ಲ ಪ್ರಕ್ರಿಯೆಗಳನ್ನೂ ಒಟ್ಟಿಗೆ ಬರೆಯಲು ಹೊರಟ ಘಟಕವೊಂದು ಒಂದು ವರ್ಷದ ಕೊನೆಗೆ ಮೂರು ದಪ್ಪ ಫೈಲುಗಳನ್ನು ಕಟ್ಟಿತ್ತು. ಆ ಫೈಲುಗಳು ಈಗಲೂ ಹೊಸದರಂತೆಯೇ ಇವೆ.

“ನಕ್ಷೆ ಬರೆಯುವುದು ಹೇಗೆ? ಅದಕ್ಕೂ ಕೋರ್ಸ್ ಮಾಡಬೇಕೇ?”

ಗೋಡೆಗೆ ಅಂಟಿಸಲು ಉದ್ದನೆಯ ಕಾಗದ, ಅಂಟುಚೀಟಿ, ಪೆನ್ಸಿಲು ಇದ್ದರೆ ಸಾಕು. ಪೆನ್ನು ಬೇಡ, ಅಳಿಸುವುದು ಬಹಳವಿರುತ್ತದೆ. ಕಾಗದವನ್ನು ಈಜುಕೊಳದ ಪಥಗಳಂತೆ ಅಡ್ಡಪಟ್ಟಿಗಳಾಗಿ ಗೆರೆ ಹಾಕಿ, ಒಂದೊಂದು ಪಟ್ಟಿಗೆ ಒಬ್ಬೊಬ್ಬರ ಹೆಸರು ಕೊಡಿ. ಚಿಹ್ನೆಗಳನ್ನು ನೀವೇ ಹುಟ್ಟುಹಾಕಬೇಕಿಲ್ಲ. ಬಿಪಿಎಂಎನ್ ಎಂಬ ಚಿತ್ರಲಿಪಿ 2004ರಲ್ಲಿ ಬಂತು, ಅದರ ಎರಡನೆಯ ಆವೃತ್ತಿ 2011ರಲ್ಲಿ ಹೊರಬಿದ್ದು 2013ರಲ್ಲಿ ಅಂತರರಾಷ್ಟ್ರೀಯ ಮಾನದಂಡವೂ ಆಯಿತು. ಅದರಲ್ಲಿ ನೂರಾರು ಸೂಕ್ಷ್ಮಗಳಿವೆ, ನಿಮಗೆ ಬೇಕಾದದ್ದು ನಾಲ್ಕೇ: ಆರಂಭಕ್ಕೆ ತೆಳು ಗೆರೆಯ ವೃತ್ತ, ಮುಕ್ತಾಯಕ್ಕೆ ದಪ್ಪ ಗೆರೆಯ ವೃತ್ತ, ಕೆಲಸಕ್ಕೆ ಮೂಲೆ ದುಂಡಗಿನ ಚೌಕ, “ಹೌದೋ ಅಲ್ಲವೋ” ಎಂಬ ಕವಲಿಗೆ ವಜ್ರಾಕೃತಿ.

ಕಷ್ಟ ಇರುವುದು ಪ್ರಶ್ನೆ ಕೇಳುವುದರಲ್ಲಿ. “ಸಾಮಾನ್ಯವಾಗಿ ಏನು ಮಾಡುತ್ತೀರಿ?” ಎಂದು ಕೇಳಿದರೆ ಎಲ್ಲರೂ ಕೈಪಿಡಿಯಲ್ಲಿ ಇರುವುದನ್ನೇ ಒಪ್ಪಿಸುತ್ತಾರೆ. “ಹೋದ ಸಲ ಏನಾಯಿತು? ಆ ಕಾಗದ ತೋರಿಸಿ” ಎಂದು ಕೇಳಿ. ವಸಂತನರಸಾಪುರದ ಘಟಕವೊಂದರಲ್ಲಿ, ಶಾಖ ಸಂಸ್ಕರಣೆಗೆಂದು ಪೀಣ್ಯಕ್ಕೆ ಜಾಬ್ ವರ್ಕ್ ಮೇಲೆ, ಅಂದರೆ ಹೊರಗಿನ ಘಟಕದಿಂದ ಕೂಲಿಗೆ ಮಾಡಿಸಲು, ಹೋಗುತ್ತಿದ್ದ ಸರಕಿನ ಚಲನ್ (ಸರಕಿನ ಜೊತೆ ಕಳಿಸುವ ಚೀಟಿ) ಹಿಡಿದು ಹೀಗೆಯೇ ಕೇಳಿದೆವು. ಕೈಪಿಡಿಯ ಪ್ರಕಾರ ಸರಕು ಹೋದಷ್ಟೇ ತುಂಡು ಹಿಂದೆ ಬಂದು, ಚಲನ್ ಮುಚ್ಚಿಹೋಗಬೇಕು. ರವಾನೆ ಗುಮಾಸ್ತೆಯೊಬ್ಬರು ಸ್ವಲ್ಪ ಹಿಂಜರಿದು, ತಮ್ಮ ಡ್ರಾಯರಿನಿಂದ ಇನ್ನೂರು ಪುಟದ ಒಂದು ನೋಟ್‌ಬುಕ್ ತೆಗೆದರು. ಯಾವ ಚಲನ್‌ನಲ್ಲಿ ಎಷ್ಟು ತುಂಡು ಅಲ್ಲೇ ಉಳಿದಿದೆ, ಯಾವುದು ಎರಡು ಕಂತಿನಲ್ಲಿ ಬಂತು, ಯಾವುದು ಬೇರೆ ಚಲನ್‌ನೊಂದಿಗೆ ಬೆರೆತು ಬಂತು, ಎಲ್ಲವೂ ಕೆಂಪು ಮತ್ತು ನೀಲಿ ಶಾಯಿಯಲ್ಲಿ ಅದರಲ್ಲಿತ್ತು. ಜಿಎಸ್‌ಟಿ ಕಾಯ್ದೆಯಂತೆ ಜಾಬ್ ವರ್ಕಿಗೆ ಕಳಿಸಿದ ಕಚ್ಚಾ ಸರಕು ಒಂದು ವರ್ಷದೊಳಗೆ ಮರಳದಿದ್ದರೆ, ಅದನ್ನು ಕಳಿಸಿದ ದಿನವೇ ಮಾರಾಟವಾದಂತೆ ಪರಿಗಣಿಸಿ ತೆರಿಗೆ ಬೀಳುತ್ತದೆ. ಆ ಘಟಕವನ್ನು ಅಷ್ಟು ದಿನ ಕಾಪಾಡಿದ್ದು ಆ ನೋಟ್‌ಬುಕ್. ನಿಮ್ಮಲ್ಲಿಯೂ ಇಂಥದ್ದೊಂದು ಇದ್ದೇ ಇರುತ್ತದೆ. ಅದು ಸಿಗುವವರೆಗೆ ನಕ್ಷೆ ಮುಗಿಯಿತೆಂದು ತಿಳಿಯಬೇಡಿ.

“ಪ್ರಕ್ರಿಯೆಗೆ ಒಬ್ಬ ಹೊಣೆಗಾರ ಬೇಕು ಅನ್ನುತ್ತೀರಿ. ಯಾರನ್ನು ಮಾಡುವುದು?”

ಆ ಪ್ರಕ್ರಿಯೆ ಕೆಟ್ಟರೆ ಯಾರಿಗೆ ನಿದ್ದೆ ಬರುವುದಿಲ್ಲವೋ ಅವರನ್ನು. ಹುದ್ದೆಯಲ್ಲಿ ಅತಿ ದೊಡ್ಡವರಾಗಿರಬೇಕಿಲ್ಲ, ಆದರೆ ಬೇರೆ ಇಲಾಖೆಯವರನ್ನು ಕರೆದು “ಇದು ನಿಮ್ಮಲ್ಲಿ ಮೂರು ದಿನದಿಂದ ನಿಂತಿದೆ” ಎಂದು ಹೇಳುವ ಅಧಿಕಾರವನ್ನು ಮಾಲೀಕರು ಎಲ್ಲರೆದುರು ಕೊಟ್ಟಿರಬೇಕು. ಸಮಿತಿಯನ್ನು ಹೊಣೆಗಾರನನ್ನಾಗಿ ಮಾಡಬೇಡಿ. ಹೊರಗಿನಿಂದ ಬಂದ ನನ್ನಂಥವರನ್ನಂತೂ ಬೇಡವೇ ಬೇಡ, ನಾವು ಬಸ್ಸು ಹತ್ತಿ ಹೋಗುವವರು.

“ಕೆಲಸ ಹೋಗುತ್ತದೆಂದು ನಮ್ಮವರು ಬಾಯಿಯೇ ಬಿಡುವುದಿಲ್ಲ. ಏನು ಮಾಡುವುದು?”

ಅವರ ಹೆದರಿಕೆಗೆ ಕಾರಣವಿದೆ ಎಂಬುದನ್ನು ಮೊದಲು ಒಪ್ಪಿಕೊಳ್ಳಿ. ಈ ಬದಲಾವಣೆಯಿಂದ ಯಾರನ್ನೂ ತೆಗೆಯುವುದಿಲ್ಲ ಎಂದು ಮಾಲೀಕರು ಬರವಣಿಗೆಯಲ್ಲಿ ಹೇಳಬೇಕು. ಹೇಳಲು ಮನಸ್ಸಿಲ್ಲದಿದ್ದರೆ ಜನರ ಸಹಕಾರವನ್ನೂ ನಿರೀಕ್ಷಿಸಬಾರದು. ಹಾಗೆ ಹೇಳಿದ ಮೇಲೂ ಮೊದಲ ಸಭೆಯಲ್ಲಿ ಮೌನವಿರುತ್ತದೆ. ನನ್ನ ರೂಢಿಯೆಂದರೆ, ಮೊದಲು ಮಾಲೀಕರ ಮೇಜಿನ ಮೇಲೆ ಕಾಗದಗಳು ಎಷ್ಟು ದಿನ ನಿಲ್ಲುತ್ತವೆ ಎಂಬುದನ್ನೇ ಅಳೆದು ಗೋಡೆಯ ನಕ್ಷೆಯಲ್ಲಿ ಬರೆಯುವುದು. ಆ ಚೀಟಿ ಅಂಟಿದ ಮೇಲೆ ಉಳಿದವರ ಮಾತು ತಾನಾಗಿ ಹೊರಡುತ್ತದೆ.

“ಸಾಫ್ಟ್‌ವೇರ್ ಯಾವಾಗ ಕೊಳ್ಳಬೇಕು? ಮಾರುವವರು ದಿನಾ ಫೋನ್ ಮಾಡುತ್ತಾರೆ.”

ತಿದ್ದಿದ ಪ್ರಕ್ರಿಯೆ ಕಾಗದದ ಮೇಲೋ ಎಕ್ಸೆಲ್‌ನಲ್ಲೋ ಮೂರು ತಿಂಗಳು ತಡವರಿಸದೆ ನಡೆದ ಮೇಲೆ. ಗೊಂದಲವಿರುವ ದಾರಿಗೆ ತಂತ್ರಾಂಶ ಹಾಕಿದರೆ ಗೊಂದಲ ಇನ್ನಷ್ಟು ವೇಗವಾಗಿ ನಡೆಯುತ್ತದೆ, ಅಷ್ಟೇ. ನಾನೇ ಮಾಡಿಸಿದ ತಪ್ಪೊಂದಿದೆ: ಖರೀದಿ, ದಾಸ್ತಾನು, ಲೆಕ್ಕಪತ್ರಗಳನ್ನು ಒಂದೇ ಕಡೆ ಜೋಡಿಸುವ ಇಆರ್‌ಪಿ ತಂತ್ರಾಂಶವನ್ನು ಬೇಗ ತರಿಸಿ ಎಂದು ಒಂದು ಘಟಕವನ್ನು ಒತ್ತಾಯಿಸಿದೆ. ಎಂಟು ತಿಂಗಳ ನಂತರ ಹೋಗಿ ನೋಡಿದಾಗ ಹಳೆಯ ರಿಜಿಸ್ಟರೂ ನಡೆಯುತ್ತಿತ್ತು, ಸಂಜೆ ಅದನ್ನು ನೋಡಿ ಕಂಪ್ಯೂಟರಿಗೆ ತುಂಬುವ ಹುಡುಗನೊಬ್ಬನನ್ನೂ ಹೊಸದಾಗಿ ನೇಮಿಸಿದ್ದರು. ಬಿಪಿಎಂಎನ್ ನಕ್ಷೆ ಬರೆಯಲು ಉಚಿತವಾಗಿ ಸಿಗುವ ಸಾಧನಗಳಿವೆ. ನಿಮ್ಮಲ್ಲಿ ಈಗಾಗಲೇ ಟ್ಯಾಲಿ ಇದ್ದರೆ ಅದರಲ್ಲಿ ನೀವು ಬಳಸದೆ ಬಿಟ್ಟಿರುವ ಖರೀದಿ ಆದೇಶ ಮತ್ತು ಸ್ವೀಕೃತಿ ಚೀಟಿಯ ಸೌಲಭ್ಯಗಳನ್ನು ಮೊದಲು ಬಳಸಿ ನೋಡಿ.

## ಲಾಭ ಮತ್ತು ಅಳತೆ

“ನೇರವಾಗಿ ಕೇಳುತ್ತೇನೆ, ಇದರಿಂದ ಎಷ್ಟು ದುಡ್ಡು ಉಳಿಯುತ್ತದೆ?”

ಶೇಕಡಾ ಇಷ್ಟು ಎಂದು ಮುಂಚಿತವಾಗಿ ಹೇಳುವವರನ್ನು ನಂಬಬೇಡಿ. ಲೆಕ್ಕವನ್ನು ನಿಮ್ಮ ಅಂಕಿಗಳಿಂದಲೇ ಮಾಡಬೇಕು. ತಿಂಗಳಿಗೆ 30 ಲಕ್ಷ ರೂಪಾಯಿಯ ಮಾಲು ಕಳಿಸುವ ಘಟಕವೊಂದು, ಸರಕು ಹೊರಟ ಆರನೆಯ ದಿನಕ್ಕೆ ಬಿಲ್ಲು ಮತ್ತು ಸಂಬಂಧಿಸಿದ ಕಾಗದಗಳನ್ನು ಗ್ರಾಹಕರ ಲೆಕ್ಕಪತ್ರ ವಿಭಾಗಕ್ಕೆ ಮುಟ್ಟಿಸುತ್ತಿದೆ ಎಂದಿಟ್ಟುಕೊಳ್ಳಿ. ದಿನಕ್ಕೆ ಒಂದು ಲಕ್ಷದಂತೆ ಆರು ಲಕ್ಷ ರೂಪಾಯಿ ಸದಾ ದಾರಿಯಲ್ಲೇ ಇರುತ್ತದೆ. ಅದೇ ದಿನ ಮುಟ್ಟಿಸುವಂತಾದರೆ ಆರು ಲಕ್ಷ ಕೈಗೆ ಬರುತ್ತದೆ. ಓವರ್‌ಡ್ರಾಫ್ಟಿಗೆ ಶೇ 12ರ ಬಡ್ಡಿ ಕಟ್ಟುವವರಿಗೆ ಅದು ವರ್ಷಕ್ಕೆ 72,000 ರೂಪಾಯಿ. ಸಣ್ಣ ಉದ್ದಿಮೆಗಳಿಗೆ ಖರೀದಿದಾರರು ಗರಿಷ್ಠ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ಹೇಳುತ್ತದೆ, ಆದರೆ ಆ ದಿನಗಳ ಎಣಿಕೆ ಸರಕನ್ನು ಒಪ್ಪಿಕೊಂಡ ದಿನದಿಂದ. ಒಪ್ಪಿಕೊಂಡ ದಿನಾಂಕಕ್ಕೆ ಸಹಿ ಬಿದ್ದ ಚಲನ್ ನಿಮ್ಮ ಕೈಗೆ ಮರಳದಿದ್ದರೆ ಕಾಯ್ದೆ ನಿಮ್ಮ ಪರವಾಗಿದ್ದೂ ವಾದಿಸಲು ಕಾಗದವಿರುವುದಿಲ್ಲ.

ಉಳಿದ ಲಾಭಗಳು ಮರುಕೆಲಸ ತಗ್ಗುವುದರಲ್ಲಿ, ಒಬ್ಬರ ಮೇಲಿನ ಅವಲಂಬನೆ ಕಡಿಮೆಯಾಗುವುದರಲ್ಲಿ, ಹೊಸಬರು ಬೇಗ ಕೆಲಸ ಕಲಿಯುವುದರಲ್ಲಿ ಕಾಣುತ್ತವೆ. ನರಸಾಪುರ, ವೇಮಗಲ್ ಕಡೆಯ ದೊಡ್ಡ ಕಾರ್ಖಾನೆಗಳು ಬಂದ ಮೇಲೆ ಸುತ್ತಮುತ್ತಲ ಸಣ್ಣ ಘಟಕಗಳಿಂದ ಅನುಭವಿಗಳು ಬಿಟ್ಟುಹೋಗುವುದು ಸಾಮಾನ್ಯವಾಗಿದೆ. ಅಂಥ ಕಡೆ ಈ ಕೊನೆಯ ಲಾಭವೇ ದೊಡ್ಡದು.

“ಏನನ್ನು ಅಳೆಯಬೇಕು? ಪ್ರತಿದಿನ ವರದಿ ಬರೆಸುವುದಕ್ಕೆ ಜನವಿಲ್ಲ.”

ಮೂರು ಅಂಕಿ ಸಾಕು: ಶುರುವಿನಿಂದ ಕೊನೆಯವರೆಗೆ ಹಿಡಿದ ದಿನಗಳು, ಒಂದೇ ಸಲಕ್ಕೆ ತಪ್ಪಿಲ್ಲದೆ ದಾಟಿದವು ಎಷ್ಟು, ಈ ಹೊತ್ತು ಒಳಗೆ ನಿಂತಿರುವವು ಎಷ್ಟು. ಮೂರನೆಯದನ್ನು ಎಣಿಸಿದರೆ ಮೊದಲನೆಯದನ್ನು ಅಂದಾಜು ಮಾಡಬಹುದು. ಜಾನ್ ಲಿಟಲ್ ಎಂಬವರು 1961ರಲ್ಲಿ ಸಾಧಿಸಿ ತೋರಿಸಿದ ನಿಯಮದಂತೆ, ಒಳಗೆ ನಿಂತ ಕಾಗದಗಳ ಸಂಖ್ಯೆಯನ್ನು ದಿನಕ್ಕೆ ಹೊರಹೋಗುವ ಸಂಖ್ಯೆಯಿಂದ ಭಾಗಿಸಿದರೆ ಒಂದು ಕಾಗದ ಸರಾಸರಿ ಎಷ್ಟು ದಿನ ಒಳಗಿರುತ್ತದೆಂದು ಸಿಗುತ್ತದೆ. ಮೇಜಿನ ಮೇಲೆ 60 ಬಿಲ್ಲಿದ್ದು ದಿನಕ್ಕೆ 4 ವಿಲೇವಾರಿಯಾದರೆ, ಸರಾಸರಿ 15 ದಿನ. ಎಣಿಸಲು ಐದು ನಿಮಿಷ ಬೇಕು, ಗಡಿಯಾರ ಬೇಡ.

ಎಚ್ಚರಿಕೆಯ ಮಾತೊಂದಿದೆ. ಅಳತೆಯನ್ನು ಜನರ ಬಡ್ತಿಗೋ ಬೈಗುಳಕ್ಕೋ ಕಟ್ಟಿದ ದಿನದಿಂದ ಅಂಕಿಗಳು ಸುಳ್ಳು ಹೇಳತೊಡಗುತ್ತವೆ. “ಐದು ದಿನದಲ್ಲಿ ಮುಗಿಸಬೇಕು” ಎಂದ ಕಡೆ, ನಾಲ್ಕನೆಯ ದಿನ ಏನಾದರೊಂದು ಆಕ್ಷೇಪ ಬರೆದು ಕಾಗದವನ್ನು ಹಿಂದಿರುಗಿಸಿ, ಹೊಸ ನಮೂದಾಗಿ ಮತ್ತೆ ಪಡೆಯುವ ಜಾಣ್ಮೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ.

“ಸರ್ಕಾರಿ ಕಚೇರಿಗಳಲ್ಲಿ, ಸಹಕಾರ ಸಂಘಗಳಲ್ಲಿ ಇದು ನಡೆಯುತ್ತದೆಯೇ?”

ನಡೆದಿದೆ, ಅದೂ ನಮ್ಮ ರಾಜ್ಯದಲ್ಲಿಯೇ. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಭೂಮಿ ಯೋಜನೆ ಕಂಪ್ಯೂಟರಿಗೆ ತಂದಾಗ ಜನರ ಕಣ್ಣಿಗೆ ಬಿದ್ದದ್ದು ತಾಲ್ಲೂಕು ಕಚೇರಿಯ ಕಿಯಾಸ್ಕ್ ಮತ್ತು 15 ರೂಪಾಯಿಗೆ ಸಿಕ್ಕ ಮುದ್ರಿತ ಪಹಣಿ. ಪ್ರಕ್ರಿಯೆಯ ದೃಷ್ಟಿಯಿಂದ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳಬೇಕೆಂದು ವ್ಯವಸ್ಥೆಯೇ ಕಟ್ಟುಪಾಡು ಹಾಕಿದ್ದು. ಯಾರ ಅರ್ಜಿಯನ್ನು ಮೇಲಕ್ಕೆ ಎತ್ತಬೇಕು ಎಂಬ ಅಧಿಕಾರ ಮೇಜಿನಿಂದ ಹೊರಟುಹೋಯಿತು. 2011ರ ಕಾಯ್ದೆಯ ಬಲದಿಂದ 2012ರ ಏಪ್ರಿಲ್ 2ರಂದು ರಾಜ್ಯವ್ಯಾಪಿ ಜಾರಿಗೆ ಬಂದ ಸಕಾಲ ಇನ್ನೊಂದು ಹೆಜ್ಜೆ ಇಟ್ಟಿತು: ಪ್ರತಿ ಸೇವೆಗೂ ಗಡುವು, ಅರ್ಜಿಗೆ ಗುರುತಿನ ಸಂಖ್ಯೆ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ. ಮೊತ್ತ ಚಿಕ್ಕದು, ಆದರೆ ಅರ್ಜಿ ಯಾರ ಬಳಿ ನಿಂತಿದೆ ಎಂಬ ಪ್ರಶ್ನೆಗೆ ಉತ್ತರ ಇರಲೇಬೇಕಾಯಿತು.

ಹಾಲಿನ ಸಂಘಗಳವರಿಗೆ ನಾನು ಹೇಳುವುದೂ ಅದನ್ನೇ. ಕಟ್ಟಡ ಮತ್ತು ಯಂತ್ರಕ್ಕಿಂತ ಮೊದಲು, ಜಿಡ್ಡಿನ ಅಂಕಿ ತಕರಾರಾದಾಗ ಮಾದರಿಯನ್ನು ಮತ್ತೆ ಯಾರು, ಎಷ್ಟು ಹೊತ್ತಿನೊಳಗೆ ಪರೀಕ್ಷಿಸಬೇಕು ಎಂಬುದನ್ನು ಗೋಡೆಯ ಮೇಲೆ ಬರೆಯಿರಿ.

## ಮುಂದಿನ ಹಂತ

“ಲೀನ್, ಸಿಕ್ಸ್ ಸಿಗ್ಮಾ, ಬಿಪಿಎಂ ಎಲ್ಲವೂ ಒಂದೇ ತಾನೇ?”

ಒಂದೇ ಮನೆತನದವು. ಲೀನ್ ಟೊಯೋಟಾದ ಕಡೆಯಿಂದ ಬಂದು, ವ್ಯರ್ಥವನ್ನು ಹುಡುಕುತ್ತದೆ. 1986ರಲ್ಲಿ ಮೊಟೊರೊಲಾದಲ್ಲಿ ಹುಟ್ಟಿದ ಸಿಕ್ಸ್ ಸಿಗ್ಮಾ, ಅಂಕಿಅಂಶದ ಬಲದಿಂದ ಏರುಪೇರನ್ನು ತಗ್ಗಿಸುತ್ತದೆ. ಈ ಎರಡನ್ನೂ ಯಾವ ಪ್ರಕ್ರಿಯೆಯ ಮೇಲೆ, ಯಾವಾಗ, ಯಾರ ಹೊಣೆಯಲ್ಲಿ ಬಳಸಬೇಕೆಂದು ನಿರ್ಧರಿಸುವ ವ್ಯವಸ್ಥೆ ಬಿಪಿಎಂ.

“ಪ್ರೋಸೆಸ್ ಮೈನಿಂಗ್ ಬಗ್ಗೆ ಕೇಳಿದ್ದೇವೆ. ನಕ್ಷೆಯನ್ನು ಕಂಪ್ಯೂಟರೇ ಬರೆಯುತ್ತದಂತೆ?”

ಬರೆಯುತ್ತದೆ, ಅದಕ್ಕೆ ಕೊಟ್ಟ ದತ್ತಾಂಶ ಪ್ರಾಮಾಣಿಕವಾಗಿದ್ದರೆ. ನೆದರ್ಲೆಂಡ್ಸ್‌ನ ವಿಲ್ ವಾನ್ ಡೆರ್ ಆಲ್ಸ್ಟ್ ಮುಂಚೂಣಿಯಲ್ಲಿ ನಿಂತು ಬೆಳೆಸಿದ ಈ ತಂತ್ರಕ್ಕೆ ಪ್ರತಿ ನಮೂದಿನಲ್ಲಿ ಮೂರು ಸಂಗತಿ ಬೇಕು: ಯಾವ ಪ್ರಕರಣ, ಯಾವ ಕೆಲಸ, ಯಾವ ಗಳಿಗೆ. ಇಆರ್‌ಪಿಯಿಂದ ಇವುಗಳನ್ನು ತೆಗೆದು ಕೊಟ್ಟರೆ, ಕೆಲಸ ನಿಜವಾಗಿ ಹರಿದ ದಾರಿಗಳು, ಅಡ್ಡದಾರಿಗಳು, ನಿಂತ ಜಾಗಗಳು ಚಿತ್ರವಾಗಿ ಮೂಡುತ್ತವೆ. ಒಂದು ಘಟಕದಲ್ಲಿ ಹೀಗೆ ಮಾಡಿದಾಗ ವಾರದ ಸರಕೆಲ್ಲ ಶನಿವಾರ ಸಂಜೆ ನಾಲ್ಕರಿಂದ ಆರರ ನಡುವೆ ಬಂದಿಳಿದಂತೆ ಕಂಡಿತು. ಲಾರಿಗಳು ವಾರಪೂರ್ತಿ ಬರುತ್ತಿದ್ದವು; ಸ್ಟೋರ್ಸ್‌ನವರು ನಮೂದನ್ನು ಶನಿವಾರ ಒಟ್ಟಿಗೆ ತುಂಬುತ್ತಿದ್ದರು. ನನಗೆ ನಗು ಬಂತು, ಒಂದು ಕಾಲಕ್ಕೆ ನಾನೂ ಅದನ್ನೇ ಮಾಡಿದವನು. ಕೆಲಸವಾದ ಗಳಿಗೆಯಲ್ಲೇ ನಮೂದಾಗುವ ಶಿಸ್ತು ಬರುವವರೆಗೆ ಈ ಸಾಧನಕ್ಕೆ ಹಣ ಹಾಕಬೇಡಿ.

“ಎಐ, ಬಾಟ್ ಎಲ್ಲ ಬಂದ ಮೇಲೆ ಈ ನಕ್ಷೆ, ಹೊಣೆಗಾರ ಏಕೆ ಬೇಕು?”

ಬಾಟ್ ಎಂದರೆ ಪರದೆಯ ಮೇಲೆ ಮನುಷ್ಯ ಒತ್ತುವ ಗುಂಡಿಗಳನ್ನು ತಾನೇ ಒತ್ತುವ ತಂತ್ರಾಂಶ. ಪೋರ್ಟಲ್‌ನಿಂದ ಗ್ರಾಹಕರ ವೇಳಾಪಟ್ಟಿಯನ್ನು ಇಳಿಸಿಕೊಂಡು ಎಕ್ಸೆಲ್‌ಗೆ ತುಂಬುವಂಥ ಕೆಲಸಕ್ಕೆ ಅದು ಬಹಳ ಒಳ್ಳೆಯದು. ಪೋರ್ಟಲ್‌ನ ಪುಟ ಬದಲಾದ ದಿನ ಅದು ನಿಲ್ಲುತ್ತದೆ. ಎಐ ಬಿಲ್ಲುಗಳನ್ನು ಓದಬಲ್ಲದು, ಪತ್ರಗಳನ್ನು ವಿಂಗಡಿಸಬಲ್ಲದು, ಕೆಲವೊಮ್ಮೆ ತಪ್ಪನ್ನೂ ಬಹಳ ಧೈರ್ಯದಿಂದ ಮಾಡಬಲ್ಲದು. ನಿಂತಾಗ, ತಪ್ಪಾದಾಗ ಕಾಗದ ಯಾರ ಮೇಜಿಗೆ ಬರಬೇಕು ಎಂಬುದನ್ನು ನಕ್ಷೆಯಲ್ಲಿ ಬರೆದ ಮೇಲೆ ಇವನ್ನು ಧಾರಾಳವಾಗಿ ಬಳಸಿ.

“ಶುರುವಿನಲ್ಲಿ ಚೆನ್ನಾಗಿ ನಡೆಯಿತು. ಆರು ತಿಂಗಳಲ್ಲಿ ಮತ್ತೆ ಹಳೇ ದಾರಿಗೇ ಬಂದೆವು. ಏನು ತಪ್ಪಾಯಿತು?”

ನಾನು ಕಂಡ ಹಲವು ಕಡೆ, ಮೊದಲು ಮುರಿದವರು ಮಾಲೀಕರೇ. “ಈ ಒಂದು ಬಿಲ್ಲು ಮಾತ್ರ ಇವತ್ತೇ ಹೋಗಲಿ, ನಮ್ಮವರದು” ಎಂದು ಸರದಿ ತಪ್ಪಿಸಿ ಹೇಳಿದ ಒಂದು ಫೋನ್ ಕರೆ ಸಾಕು. ಮರುದಿನದಿಂದ ಎಲ್ಲರಿಗೂ ತಮ್ಮವರು ನೆನಪಾಗುತ್ತಾರೆ. ತುರ್ತು ಬರುವುದೇ ಇಲ್ಲವೆಂದಲ್ಲ. ತುರ್ತಿಗೂ ಒಂದು ಪಥವನ್ನು ನಕ್ಷೆಯಲ್ಲಿ ಬರೆಯಿರಿ, ವಾರಕ್ಕೆ ಎಷ್ಟು ಎಂಬ ಮಿತಿ ಹಾಕಿ, ಯಾರು ಕೇಳಿದರೆಂದು ನಮೂದಿಸಿ. ಎರಡನೆಯ ಕಾರಣ, ಹೊಣೆಗಾರರು ಬಡ್ತಿ ಪಡೆದು ಹೋದಾಗ ಅವರ ಜಾಗಕ್ಕೆ ಹೆಸರು ಬರೆಯದೆ ಬಿಡುವುದು. ಮೂರನೆಯದು, ಗ್ರಾಹಕರೋ ಕಾಯ್ದೆಯೋ ಬದಲಾದಾಗ ನಕ್ಷೆಯನ್ನು ಬದಲಾಯಿಸದೆ, ಜನರು ತಾವೇ ಅಡ್ಡದಾರಿ ಕಂಡುಕೊಳ್ಳುವಂತೆ ಮಾಡುವುದು.

ಮರಳಿ ಹಳಿಗೆ ತರಲು ಹೊಸ ತರಬೇತಿ ಬೇಡ. ವಾರಕ್ಕೊಂದು ದಿನ, ನಕ್ಷೆ ಅಂಟಿಸಿದ ಗೋಡೆಯ ಮುಂದೆ, ಕುರ್ಚಿ ಹಾಕದೆ, ಇಪ್ಪತ್ತು ನಿಮಿಷ ಎಲ್ಲರೂ ನಿಲ್ಲಿ. ಅತಿ ಹೆಚ್ಚು ದಿನದಿಂದ ನಿಂತಿರುವ ಒಂದು ಕಾಗದವನ್ನು ಕೈಯಲ್ಲಿ ಹಿಡಿದು, ಅದು ಕೊನೆಯ ಸಲ ಯಾರ ಕೈಯಿಂದ ಯಾರ ಕೈಗೆ ದಾಟಿತು, ಮುಂದಿನವರಿಗೆ ಯಾರು ತಿಳಿಸಬೇಕಿತ್ತು ಎಂದಷ್ಟೇ ಕೇಳಿ. ಉತ್ತರವನ್ನು ಅಲ್ಲೇ ಪೆನ್ಸಿಲಿನಲ್ಲಿ ನಕ್ಷೆಯ ಮೇಲೆ ಬರೆದು, ಪಕ್ಕದಲ್ಲಿ ದಿನಾಂಕ ಹಾಕಿ.